ಸೈಕ್ಸ್ ಎಂಬ ಅಡ್ಡಹೆಸರಿನ ಬಗ್ಗೆ ನೀವು ಕೇಳಿದ್ದಕ್ಕೆ

ಆತ್ಮೀಯರೇ,

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಹಡರ್ಸ್‌ಫೀಲ್ಡ್‌ನ ನಿಮ್ಮ ಹೊಸ ಕಚೇರಿಯಲ್ಲಿ ಮೂವರು ಸೈಕ್ಸ್‌ಗಳಿದ್ದಾರೆ, ಅವರೆಲ್ಲ ನೆಂಟರಾಗಿರಬಹುದೇ, ನಮ್ಮಲ್ಲಿಯಂತೆ ಇಲ್ಲಿಯೂ ಅಡ್ಡಹೆಸರಿನಿಂದ ಜಾತಿ ತಿಳಿಯುತ್ತದೆಯೇ ಎಂದು ಬರೆದಿದ್ದೀರಿ. ಜಾತಿಯಂತೂ ತಿಳಿಯುವುದಿಲ್ಲ, ಅಂತಸ್ತೂ ತಿಳಿಯುವುದಿಲ್ಲ. ಸ್ಲೆಡ್‌ಮಿಯರ್‌ನ ದೊಡ್ಡ ಜಮೀನ್ದಾರರೂ ಸೈಕ್ಸ್‌ಗಳೇ, ಇಲ್ಲಿಯ ಉಣ್ಣೆ ಗಿರಣಿಗಳಲ್ಲಿ ದುಡಿದು ಸವೆದವರಲ್ಲೂ ಸೈಕ್ಸ್‌ಗಳು ಬೇಕಾದಷ್ಟು ಮಂದಿ. ನೆಂಟಸ್ತಿಕೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

1066ರಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಬಂದ ನಾರ್ಮನ್ ದೊರೆಗಳು ತಮ್ಮ ಜಹಗೀರಿನ ಹೆಸರನ್ನು ಮಕ್ಕಳಿಗೂ ದಾಟಿಸುವ ರೂಢಿ ತಂದರು. ಸಾಮಾನ್ಯ ಜನರಲ್ಲಿ ಅದು ಬೇರೂರಲು ಶತಮಾನಗಳೇ ಹಿಡಿದವು. ದಕ್ಷಿಣ ಇಂಗ್ಲೆಂಡಿನಲ್ಲಿ ಹದಿನಾಲ್ಕನೆಯ ಶತಮಾನದ ನಡುಭಾಗದ ಹೊತ್ತಿಗೆ ಬಹುತೇಕ ನೆಲೆಯಾದ ಈ ಪದ್ಧತಿ ನಮ್ಮ ಯಾರ್ಕ್‌ಷೈರ್ ಕಡೆಗೆ ತಡವಾಗಿ ಬಂದಿತು. ಇದನ್ನು ಹತ್ತಿರದಿಂದ ನೋಡಬೇಕೆಂದರೆ 1379ರ ತಲೆಗಂದಾಯದ ಪಟ್ಟಿಯನ್ನು ತೆರೆಯಬೇಕು. ವೆಸ್ಟ್ ರೈಡಿಂಗ್ ಎಂಬ, ಯಾರ್ಕ್‌ಷೈರ್‌ನ ಪಶ್ಚಿಮ ಭಾಗದ ಪಟ್ಟಿ ಅದೃಷ್ಟವಶಾತ್ ಉಳಿದುಬಂದಿದೆ. ಊರೂರಿನ ಲೆಕ್ಕ, ಲ್ಯಾಟಿನ್ ಬರಹ, ಸಾಧಾರಣ ರೈತ ದಂಪತಿಗೆ ನಾಲ್ಕು ಪೆನ್ಸ್ ತೆರಿಗೆ. ಒಂದೇ ಊರಿನಲ್ಲಿ ಜಾನ್, ವಿಲಿಯಂ ಎಂಬವರು ಹತ್ತಾರು ಮಂದಿ ಇರುವಾಗ ಕರಣಿಕನಿಗೆ ಗುರುತಿಗೊಂದು ಹೆಸರು ಬೇಕೇ ಬೇಕಿತ್ತು. ಸೈಕ್ ಎಂದರೆ ಜೌಗು ನೆಲದಲ್ಲಿ ಹರಿಯುವ, ಹಲವೆಡೆ ಹೊಲಗದ್ದೆಗಳ ಎಲ್ಲೆಯೂ ಆಗಿರುತ್ತಿದ್ದ ಸಣ್ಣ ಹಳ್ಳ. ಅದರ ಪಕ್ಕದಲ್ಲಿ ಮನೆ ಮಾಡಿದ್ದವನಿಗೆ ಆ ಹೆಸರೇ ಅಂಟಿಕೊಂಡಿತು.

ಇಂಥ ಹಳ್ಳಗಳು ಉತ್ತರ ಇಂಗ್ಲೆಂಡಿನ ಉದ್ದಗಲಕ್ಕೂ ಇರುವುದರಿಂದ ಸೈಕ್ಸ್‌ಗಳಿಗೆ ಹಲವು ಮೂಲಪುರುಷರಿರಬೇಕು ಎಂದೇ ವಿದ್ವಾಂಸರು ತಿಳಿದಿದ್ದರು. ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ, ಸ್ವತಃ ಸೈಕ್ಸ್ ಆಗಿದ್ದ ಬ್ರಯನ್ ಸೈಕ್ಸ್, ತಮ್ಮ ಸಹೋದ್ಯೋಗಿಯೊಡನೆ 2000ದಲ್ಲಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ತಂದೆಯಿಂದ ಮಗನಿಗಷ್ಟೇ ಸಾಗುವ ವೈ ವರ್ಣತಂತುವನ್ನು, ಪರಸ್ಪರ ಸಂಬಂಧ ತಿಳಿಯದ 48 ಸೈಕ್ಸ್ ಗಂಡಸರಲ್ಲಿ ಪರೀಕ್ಷಿಸಿದಾಗ 21 ಮಂದಿಯಲ್ಲಿ ಒಂದೇ ಗುರುತು ಸಿಕ್ಕಿತು, ಅಂದರೆ ಸೈಕ್ಸ್‌ಗಳಿಗೆ ಒಬ್ಬನೇ ಮೂಲಪುರುಷ ಇದ್ದಿರಬಹುದು. ಉಳಿದವರ ವ್ಯತ್ಯಾಸಕ್ಕೆ, ತಲೆಮಾರಿಗೆ ಶೇ. 1.3ರಷ್ಟು ಮಕ್ಕಳ ನಿಜವಾದ ತಂದೆ ಸೈಕ್ಸ್ ಆಗಿರದಿದ್ದರೆ ಸಾಕು ಎಂದು ಅವರು ಲೆಕ್ಕ ಹಾಕಿದರು. ಏಳು ಶತಮಾನಗಳ ಸಂಸಾರದಲ್ಲಿ ಅದು ಬಹಳ ಕಡಿಮೆಯೆಂದೇ ನನಗೆ ಅನಿಸುತ್ತದೆ! ಹಾಗಾಗಿ ನಿಮ್ಮ ಮೂವರು ಸೈಕ್ಸ್‌ಗಳು ಅದನ್ನು ತಾವೇ ಅರಿಯದ ದೂರದ ದಾಯಾದಿಗಳಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಎಲ್ಲ ಹೆಸರುಗಳೂ ಹೀಗೆ ಒಂದೇ ಬುಡದವಲ್ಲ. ಕಚೇರಿಯಲ್ಲಿ ವಾಕರ್ ಎಂಬವರೂ ಸಿಗಬಹುದು. ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಿದ್ದವನು ವಾಕರ್. ಅದೇ ಕಸುಬಿನವನು ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕ್ಕರ್. ಬಣ್ಣ ಹಾಕುವವನು ಲಿಸ್ಟರ್. ನಮ್ಮ ಬಡಿಗೇರ, ಪತ್ತಾರ ಎಂಬ ಅಡ್ಡಹೆಸರುಗಳನ್ನು ಇವು ನೆನಪಿಸುತ್ತವೆಯಾದರೂ, ಇಲ್ಲಿ ಕಸುಬಿನೊಂದಿಗೆ ಕೊಡುಕೊಳ್ಳುವಿಕೆಯ ಕಟ್ಟುಪಾಡು ಬೆಳೆಯಲಿಲ್ಲ. ವಾಕರ್‌ನ ಮಗಳು ಸೈಕ್ಸ್‌ನ ಮನೆಗೆ ಸೊಸೆಯಾಗಲು ಹೆಸರು ಅಡ್ಡ ಬರಲಿಲ್ಲ.

ನಮ್ಮ ನೆಲದಲ್ಲೂ ಈ ಹೆಸರಿನ ಕುರುಹೊಂದಿದೆ. ಬ್ರಾಡ್‌ಫರ್ಡ್ ಬಳಿ ಹುಟ್ಟಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಸೇರಿದ ವಿಲಿಯಂ ಹೆನ್ರಿ ಸೈಕ್ಸ್, ದಖ್ಖನಿನ ಹಕ್ಕಿಗಳ ಪಟ್ಟಿಯನ್ನು 1832ರಲ್ಲಿ ಪ್ರಕಟಿಸಿದರು. ಬಯಲುಸೀಮೆಯ ಒಣ ಹುಲ್ಲುಗಾವಲಿನಲ್ಲಿ ಓಡಾಡುವ, ತಲೆಯ ಮೇಲೆ ಜುಟ್ಟಿರುವ ಪುಟ್ಟ ಹಕ್ಕಿಗೆ ಪಕ್ಷಿತಜ್ಞರು ಇಂದಿಗೂ ಸೈಕ್ಸ್ ಲಾರ್ಕ್ ಎನ್ನುತ್ತಾರೆ.

ಒಂದು ಎಚ್ಚರಿಕೆ. ಮನೆತನದ ಲಾಂಛನವೆಂದು ಹೇಳಿ ಬಟ್ಟಲು, ಫಲಕಗಳನ್ನು ಮಾರುವ ಅಂಗಡಿಗಳು ಪ್ರವಾಸಿ ತಾಣಗಳಲ್ಲಿವೆ. ಸಹೋದ್ಯೋಗಿಗೆ ಅದನ್ನು ಉಡುಗೊರೆ ಕೊಡುವ ಗೋಜಿಗೆ ಹೋಗಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶಕ್ಕೆ, ಅಡ್ಡಹೆಸರಿಗಲ್ಲ. ಅವರಲ್ಲಿ ಯಾರಿಗಾದರೂ ನಿಜವಾದ ಆಸಕ್ತಿಯಿದ್ದರೆ 1837ರಿಂದ ಈಚಿನ ಜನನ ಮರಣದ ಸರ್ಕಾರಿ ದಾಖಲೆಗಳಿಂದ ಆರಂಭಿಸಿ, 1538ರಲ್ಲಿ ಶುರುವಾದ ಚರ್ಚಿನ ಕಡತಗಳತ್ತ ಹಿಂದಕ್ಕೆ ಸಾಗಬಹುದು. ವೇಕ್‌ಫೀಲ್ಡ್‌ನ ಪತ್ರಾಗಾರ ನಿಮ್ಮಲ್ಲಿಂದ ದೂರವೇನಿಲ್ಲ.