ಸೌತೆ ಬಳ್ಳಿಯಲ್ಲಿ ಬರೀ ಗಂಡು ಹೂವೇಕೆ?

ಪ್ರಶ್ನೆ: ಮಾರ್ಚ್ ಆರಂಭದಲ್ಲಿ ಹತ್ತು ಗುಂಟೆಗೆ ಸೌತೆ ಬೀಜ ಊರಿದ್ದೆ. ಬಳ್ಳಿ ಸೊಂಪಾಗಿ ಹಬ್ಬಿ ಹೂ ತುಂಬಿದೆ, ಕಾಯಿ ಮಾತ್ರ ಕಚ್ಚುತ್ತಿಲ್ಲ. ಹೂ ಹೆಚ್ಚಲೆಂದು ಅಂಗಡಿಯವರು ಕೊಟ್ಟ ಜಿಬ್ಬರೆಲಿಕ್ ಆಮ್ಲವನ್ನು ಸಸಿ ಮೂರೆಲೆಯಲ್ಲಿದ್ದಾಗ ಸಿಂಪಡಿಸಿದ್ದೆ. ಇನ್ನೊಮ್ಮೆ ಸಿಂಪಡಿಸಲೇ?
– ರೈತರೊಬ್ಬರು, ಪಾಂಡವಪುರ

ಉತ್ತರ: ಖಂಡಿತ ಬೇಡ. ಹೂವಿನ ಹಿಂಬದಿಯನ್ನೊಮ್ಮೆ ನೋಡಿ: ಅಲ್ಲಿ ಪುಟ್ಟ ಹೀಚು ಇದ್ದರೆ ಅದು ಹೆಣ್ಣು, ಬರೀ ತೆಳು ತೊಟ್ಟಿದ್ದರೆ ಗಂಡು. ಸೌತೆಯ ಮೊಗ್ಗು ಮೂಡುವಾಗ ಅದರಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳ ಮೊಳಕೆ ಇರುತ್ತದೆ. ಸಸಿಯೊಳಗೆ ಎಥಿಲೀನ್ ಎಂಬ ಹಾರ್ಮೋನು ಮೇಲುಗೈಯಾದರೆ ಕೇಸರಗಳ ಬೆಳವಣಿಗೆ ನಿಂತು ಹೆಣ್ಣು ಹೂವಾಗುತ್ತದೆ, ಜಿಬ್ಬರೆಲಿನ್ ಎಂಬ ಹಾರ್ಮೋನು (ನೀವು ಸಿಂಪಡಿಸಿದ ಆಮ್ಲ ಇದೇ ಗುಂಪಿನದು) ಹೆಚ್ಚಾದರೆ ಗಂಡಾಗುತ್ತದೆ. ಭತ್ತದ ಒಟ್ಲಿನಲ್ಲಿ ಕೆಲವು ಪೈರು ಪೇಲವವಾಗಿ ಉದ್ದಕ್ಕೆ ಎದ್ದು ನಿಲ್ಲುವ ರೋಗವನ್ನು ನೀವು ಕಂಡಿರಬಹುದು; 1926ರಲ್ಲಿ ಕುರೊಸಾವ ಎಂಬ ಜಪಾನಿನ ವಿಜ್ಞಾನಿಗೆ ಜಿಬ್ಬರೆಲಿನ್‌ನ ಸುಳಿವು ಸಿಕ್ಕಿದ್ದು ಆ ರೋಗದ ಶಿಲೀಂಧ್ರದಿಂದಲೇ. ಅದನ್ನು ಎಲ್ಲ ಬೆಳೆಗೂ ‘ಹೂವಿನ ಔಷಧ’ವೆಂದು ಮಾರುವುದು ಸರಿಯಲ್ಲ.

ಬೇಸಿಗೆಯ ಬಿಸಿ, ಉದ್ದನೆಯ ಹಗಲು, ಅತಿಯಾದ ಯೂರಿಯಾ ಕೂಡ ಗಂಡು ಹೂವಿನ ಕಡೆಗೇ ವಾಲಿಸುತ್ತವೆ. ಸಾಮಾನ್ಯ ತಳಿಗಳಲ್ಲಿ ಮೊದಲು ಬಿಡುವುದೂ ಗಂಡು ಹೂವೇ. ಆದ್ದರಿಂದ ಯೂರಿಯಾ ನಿಲ್ಲಿಸಿ, ಬಳ್ಳಿಯ ಕುಡಿ ಚಿವುಟಿ ಕಾಯಿರಿ. ಕವಲುಗಳಲ್ಲಿ ಹೆಣ್ಣು ಹೂ ಹೆಚ್ಚು.

ಮುಂದಿನ ಬೆಳೆಗೆ ಬೇಕೆನಿಸಿದರೆ ಎಥಿಲೀನ್ ಬಿಡುವ ಎಥೆಫಾನ್ ಇದೆ. ನುಣುಪಾದ ಎರಡು ಬೀಜದೆಲೆಗಳನ್ನು ಬಿಟ್ಟು, ಒರಟಾದ ನಿಜ ಎಲೆಗಳನ್ನಷ್ಟೇ ಎಣಿಸಿ, ಎರಡೆಲೆಯಾದಾಗ ಒಮ್ಮೆ, ನಾಲ್ಕೆಲೆಯಾದಾಗ ಇನ್ನೊಮ್ಮೆ 200 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 200 ಭಾಗ) ಪ್ರಮಾಣದಲ್ಲಿ ಸಿಂಪಡಿಸಬೇಕು. ಶೇ. 39ರ ದ್ರಾವಣವಾದರೆ ಲೀಟರ್ ನೀರಿಗೆ ಸುಮಾರು ಅರ್ಧ ಮಿ.ಲೀ. ಸಾಕು, ಹೆಚ್ಚಾದರೆ ಸಸಿ ಗಿಡ್ಡವಾಗಿ ಮುರುಟುತ್ತದೆ. ಮೊಗ್ಗಿನ ಹಣೆಬರಹ ಎಳೆಯದರಲ್ಲೇ ತೀರ್ಮಾನವಾಗುವುದರಿಂದ ಹೂ ಬಂದ ಬಳ್ಳಿಗೆ ಸಿಂಪಡಿಸಿ ಫಲವಿಲ್ಲ. ಹೆಣ್ಣು ಹೂವನ್ನೇ ಹೆಚ್ಚಾಗಿ ಬಿಡುವ ಹೈಬ್ರಿಡ್ ತಳಿಗಂತೂ ಇದರ ಅಗತ್ಯವೇ ಇಲ್ಲ.

ನೀರಿನ ವಿಷಯವೊಂದಿದೆ. ಎಥೆಫಾನ್ ಹುಳಿ ದ್ರಾವಣದಲ್ಲಷ್ಟೇ ಸ್ಥಿರವಾಗಿದ್ದು, ಸಸ್ಯದ ರಸಕ್ಕೆ ಸೇರಿದ ಮೇಲೆ ಒಡೆದು ಎಥಿಲೀನ್ ಬಿಡುತ್ತದೆ. ನಿಮ್ಮ ಬೋರ್‌ವೆಲ್ ನೀರು ಕ್ಷಾರವಾಗಿದ್ದರೆ ಅದು ಸಿಂಪರಣೆ ಡಬ್ಬಿಯಲ್ಲೇ ಒಡೆದುಹೋಗುತ್ತದೆ. ಮಳೆ ನೀರು ಸಿಕ್ಕರೆ ಅದರಲ್ಲೇ ಕಲಸಿ, ತಂಪು ಹೊತ್ತಿನಲ್ಲಿ, ಕಲಸಿದ ಕೂಡಲೇ ಸಿಂಪಡಿಸಿ ಮುಗಿಸಿ. ಕೊಳ್ಳುವ ಮೊದಲು ಬೀಜದ ಚೀಟಿಯನ್ನೂ ಔಷಧದ ಬಾಟಲಿಯನ್ನೂ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ.