ಜಾಗ ಕೊಟ್ಟವರು ಕೈ ತೊಳೆದುಕೊಳ್ಳಬಹುದೇ?

ಪ್ರಿಯ ಓದುಗರೇ,

ಆನ್‌ಲೈನ್ ಮೋಸಕ್ಕೆ ಮಾರಾಟತಾಣಗಳೂ, ಅಂದರೆ ಬೇರೆಯವರ ಮಾಲು ಮಾರಲು ಜಾಗ ಕೊಡುವ ಅಮೆಜಾನ್, ಇಬೇಯಂಥವರೂ, ಹೊಣೆ ಎಂದು ನಾವು ಬರೆದದ್ದು ನಿಮಗೆ ಸರಿ ಕಂಡಿಲ್ಲ. "ಸಂತೆಯಲ್ಲಿ ಒಬ್ಬ ವ್ಯಾಪಾರಿ ಟೋಪಿ ಹಾಕಿದರೆ ಮೈದಾನದ ಮಾಲೀಕನನ್ನು ಹಿಡಿಯುತ್ತೀರಾ? ರೇಟಿಂಗ್ ಕಣ್ಣೆದುರಿಗೇ ಇರುತ್ತದೆ. ನೋಡಿ ಕೊಳ್ಳಬೇಕಾದವರು ನಾವು" ಎಂದು ಕೇಳಿದ್ದೀರಿ.

ನಿಮ್ಮ ಮಾತಿಗೆ ಕೋರ್ಟಿನ ಬೆಂಬಲವೂ ಇದೆ. ತನ್ನ ಹೆಸರಿನ ನಕಲಿ ಒಡವೆಗಳ ವಿಚಾರವಾಗಿ ಒಡವೆ ಕಂಪನಿ ಟಿಫಾನಿ ಇಬೇ ಮೇಲೆ ಕೇಸು ಹಾಕಿತ್ತು. 2010ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು ಟ್ರೇಡ್‌ಮಾರ್ಕ್ (ಕಂಪನಿಯ ಹೆಸರು, ಗುರುತಿನ ಹಕ್ಕು) ವಿಷಯದಲ್ಲಿ ಇಬೇ ಪರ ತೀರ್ಪು ಕೊಟ್ಟಿತು. ಮಾರಾಟತಾಣವನ್ನು ಹೊಣೆ ಮಾಡಲು, ನಕಲಿ ಮಾಲು ಎಲ್ಲೋ ಇದೆ ಅಂತ ಅದಕ್ಕೆ ಗೊತ್ತಿದ್ದರೆ ಸಾಲದು, ಇಂಥದ್ದೇ ನಕಲಿ ಅಂತ ಗೊತ್ತಿರಬೇಕು ಎಂಬುದು ಅದರ ತಿರುಳು.

ಆದರೆ ಮೈದಾನದ ಮಾಲೀಕ ಬಾಡಿಗೆ ಎಣಿಸಿಕೊಂಡು ಮನೆಗೆ ಹೋಗುತ್ತಾನೆ. ಯಾವ ಅಂಗಡಿ ನಿಮಗೆ ಮೊದಲು ಕಾಣಬೇಕು ಅಂತ ಅವನು ತೀರ್ಮಾನಿಸುವುದಿಲ್ಲ. ನಿಮ್ಮ ದುಡ್ಡು ಅವನ ಕೈ ದಾಟಿ ಹೋಗುವುದಿಲ್ಲ. ಆನ್‌ಲೈನ್‌ನಲ್ಲಿ ಈ ಎರಡೂ ಮಾರಾಟತಾಣದವರ ಕೈಯಲ್ಲೇ ಇವೆ. ಎಷ್ಟೋ ಸಲ ಮಾಲೂ ಅವರದೇ ಗೋದಾಮಿನಲ್ಲಿ ಇರುತ್ತದೆ. ಬಾರ್‌ಕೋಡ್ ಒಂದೇ ಆಗಿದ್ದರೆ ಬೇರೆ ಬೇರೆ ಮಾರಾಟಗಾರರ ಮಾಲನ್ನು ಬೆರೆಸಿ ಇಡುವ ಪದ್ಧತಿ ಅಮೆಜಾನ್‌ನಲ್ಲಿ ವರ್ಷಗಟ್ಟಲೆ ಇತ್ತು. ಅಂಥ ಕಡೆ ನೀವು ಸಾಚಾ ವ್ಯಾಪಾರಿಯನ್ನೇ ಹುಡುಕಿ ಆರ್ಡರ್ ಮಾಡಿದರೂ, ಇನ್ನೊಬ್ಬ ತಂದಿಟ್ಟ ನಕಲಿ ನಿಮ್ಮ ಮನೆಗೆ ಬರಬಹುದು. ಇಲ್ಲಿ ಏನನ್ನು ಅಂತ ನೋಡಿ ಕೊಳ್ಳುವುದು, ಹೇಳಿ?

ಇನ್ನು ರೇಟಿಂಗ್. ಅದರ ಬೆಲೆ ಮೋಸಗಾರನಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೆಲವು ತಿಂಗಳು ಚಿಲ್ಲರೆ ಸಾಮಾನನ್ನು ನಿಯತ್ತಾಗಿ ಮಾರುತ್ತಾನೆ. ಹೆಸರು ಬಂದ ಮೇಲೆ ದುಬಾರಿ ಫೋನುಗಳನ್ನು ಅರ್ಧ ಬೆಲೆಗೆ ಹಾಕಿ, ದುಡ್ಡು ಬಾಚಿಕೊಂಡು ಮಾಯವಾಗುತ್ತಾನೆ. ಅಷ್ಟು ಕಾಯುವ ತಾಳ್ಮೆ ಇಲ್ಲದವನು ಒಳ್ಳೆ ಹೆಸರಿರುವ ಹಳೇ ಖಾತೆಯನ್ನೇ ಕದಿಯುತ್ತಾನೆ. ನಿಮಗೆ ಕಾಣುವುದು ನಕ್ಷತ್ರಗಳು ಮಾತ್ರ. ನಿನ್ನೆವರೆಗೆ ಪೆನ್ನು ಮಾರುತ್ತಿದ್ದವನು ಇವತ್ತು ದಿಢೀರನೆ ಫೋನು ಮಾರುತ್ತಿದ್ದಾನೆ ಎಂಬುದು ಮಾರಾಟತಾಣಕ್ಕೆ ಕಾಣುತ್ತದೆ. ಅಂಥವನಿಗೆ ದುಡ್ಡು ಕೊಡುವುದನ್ನು ಮಾಲು ತಲುಪುವವರೆಗೆ ತಡೆಹಿಡಿದರೂ ಈ ಆಟ ಕಷ್ಟವಾಗುತ್ತದೆ.

ಪ್ರತಿ ಪೊಟ್ಟಣ ಬಿಚ್ಚಿ ನೋಡಿ ಅಂತ ನಾವು ಕೇಳುತ್ತಿಲ್ಲ. ಮಾರುವವನು ಯಾರು ಅಂತ ಮಾರಾಟತಾಣಕ್ಕೆ ತಿಳಿದಿರಲಿ ಅಂತಷ್ಟೇ. ಅಮೆರಿಕದಲ್ಲಿ 2023ರ ಜೂನ್‌ನಿಂದ ಜಾರಿಯಲ್ಲಿರುವ ಇನ್‌ಫಾರ್ಮ್ ಕಾಯ್ದೆ ಇದನ್ನೇ ಹೇಳುತ್ತದೆ. ಒಂದು ವರ್ಷದಲ್ಲಿ ಹೊಸ ಮಾಲಿನ ಮಾರಾಟ 200 ಸಲ ನಡೆದು, ಮೊತ್ತ 5,000 ಡಾಲರ್ ಮುಟ್ಟಿದರೆ ಆ ಮಾರಾಟಗಾರನ ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆಗಳನ್ನು ಮಾರಾಟತಾಣ ಪಡೆದು ಪರಿಶೀಲಿಸಬೇಕು. (199ಕ್ಕೆ ನಿಲ್ಲಿಸಿ ಹೊಸ ಹೆಸರಲ್ಲಿ ಬರುವ ಚಾಲಾಕಿಗಳು ಇಲ್ಲದೆ ಇರುತ್ತಾರಾ!) ಯುರೋಪಿನ 2022ರ ಡಿಜಿಟಲ್ ಸೇವಾ ಕಾಯ್ದೆ ವ್ಯಾಪಾರಿಯ ಗುರುತನ್ನು ಮೊದಲೇ ಕೇಳುತ್ತದೆ. ಖಾತೆ ಮುಚ್ಚಿದರೆ ಕಾರಣ ಕೊಡಬೇಕು ಎಂದೂ ಹೇಳುತ್ತದೆ. ತಪ್ಪಿಲ್ಲದ ಸಣ್ಣ ವ್ಯಾಪಾರಿಗೆ ಇದು ಬೇಕೇ ಬೇಕು.

ಒಂದು ಕಡೆ ಮಾತ್ರ ನಾವು ನಿಮ್ಮ ಪಕ್ಷ. "ಇಲ್ಲಿ ಬೇಡ, ನೇರವಾಗಿ ಕಳಿಸಿ, ಕಡಿಮೆ ಮಾಡಿಕೊಡುತ್ತೇನೆ" ಅಂತ ಮಾರುವವನು ಹೇಳಿ, ಕೊಳ್ಳುವವರು ಹೊರಗಿನಿಂದ ದುಡ್ಡು ಕಳಿಸಿದರೆ, ಆ ಲೆಕ್ಕ ಮಾರಾಟತಾಣಕ್ಕೆ ಕಾಣುವುದೇ ಇಲ್ಲ. ಆಮೇಲೆ ಅವರನ್ನು ಏನಂತ ಕೇಳೋಣ?

– ಸಂಪಾದಕ