ಬಿಸಿನೆಸ್ ಟಿಕೆಟ್ ಕೈಲಿದೆ, ಮೈಲ್ಸ್ ಸುರಿದು ಫಸ್ಟ್ ಕ್ಲಾಸ್‌ಗೆ ಹೋಗೋದಾ?

ನೀವು ಕೇಳಿರೋದು ಇಷ್ಟು: 13 ಗಂಟೆ ಫ್ಲೈಟು, ರಾತ್ರಿ ಒಂದಕ್ಕೆ ಹೊರಡತ್ತೆ, ಮದುವೆ ಆನಿವರ್ಸರಿಗೆ ಹೋಗ್ತಿರೋ ಗಂಡ ಹೆಂಡ್ತಿ ಇಬ್ರಿಗೂ ಬಿಸಿನೆಸ್ ಕ್ಲಾಸ್ ಕನ್‌ಫರ್ಮ್ ಆಗಿದೆ, ವರ್ಷಗಟ್ಟಲೆ ಕೂಡಿಟ್ಟ ಮೈಲ್ಸ್ (ವಿಮಾನ ಕಂಪನಿ ಕೊಡೋ ಪಾಯಿಂಟ್ಸ್) ಪೂರ್ತಿ ಖಾಲಿ ಮಾಡಿದ್ರೆ ಫಸ್ಟ್‌ಗೆ ಅಪ್‌ಗ್ರೇಡ್ ಸಿಗತ್ತೆ, ಮಾಡೋದಾ ಬೇಡ್ವಾ. ಈ ಫ್ಲೈಟ್‌ಗೆ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ನಾನು ಆಫೀಸ್ ಕೆಲಸದ ಮೇಲೆ ಬಿಸಿನೆಸ್‌ನಲ್ಲಿ ಹದಿನೈದಿಪ್ಪತ್ತು ಸಲ ಹೋಗಿರಬಹುದು, ಫಸ್ಟ್‌ನಲ್ಲಿ ಎರಡೇ ಸಲ, ಎರಡೂ ಮೈಲ್ಸ್ ಪುಣ್ಯ, ಸ್ವಂತ ದುಡ್ಡು ಕೊಟ್ಟು ಅಲ್ಲಿ ಕೂರೋ ಕುಳ ನಾನಲ್ಲ. ಮೊದಲನೇ ಸಲದ್ದು ನಿಮ್ಮ ಥರಾನೇ ಮಧ್ಯರಾತ್ರಿ ಫ್ಲೈಟ್. ಹತ್ತಿದೆ, ಪೈಜಾಮ ಕೊಟ್ರು, ಮೆನು ಕೊಟ್ರು, ನಾನು ಅದನ್ನ ಪರೀಕ್ಷೆ ಪೇಪರ್ ಓದೋ ಥರ ಓದಿದೆ, ಒಂದು ಸೂಪ್ ಕುಡಿಯೋಷ್ಟರಲ್ಲಿ ಕಣ್ಣು ಎಳೀತು, ಮಲಗಿದವನು ಎದ್ದಿದ್ದು ಲ್ಯಾಂಡಿಂಗ್‌ಗೆ ಒಂದು ಗಂಟೆ ಮುಂಚೆ. ನಿದ್ದೆ ಚೆನ್ನಾಗಿ ಬಂತು ನಿಜ. ಆದ್ರೆ ಬಿಸಿನೆಸ್‌ನಲ್ಲೂ ನಂಗೆ ಹಾಗೇ ಬರತ್ತಲ್ಲ! ಇಳಿಯುವಾಗ ಹೊಟ್ಟೆ ಉರೀತು, ಅಷ್ಟು ಮೈಲ್ಸ್ ಕೊಟ್ಟು ಗೊರಕೆ ಹೊಡೆದು ಬಂದ ಹಾಗಾಯ್ತು.

ಹಿಂದೆ ಹೀಗಿರ್ಲಿಲ್ಲ. ಪೂರ್ತಿ ಚಪ್ಪಟೆ ಆಗೋ ಸೀಟು ಅಂದ್ರೆ ಅದು ಫಸ್ಟ್ ಕ್ಲಾಸ್‌ನೋರ ಸೊತ್ತು, ಬ್ರಿಟಿಷ್ ಏರ್‌ವೇಸ್ 1990ರ ದಶಕದ ಮಧ್ಯದಲ್ಲಿ ಅದನ್ನ ತಂದಾಗ ಬಿಸಿನೆಸ್‌ನೋರು ಇನ್ನೂ ಓರೆಯಾಗಿ ಒರಗಿಕೊಂಡೇ ಹೋಗ್ತಿದ್ರು. ಆಮೇಲೆ 2000ದ ಹೊತ್ತಿಗೆ ಅದೇ ಕಂಪನಿ ಬಿಸಿನೆಸ್‌ಗೂ ಮಂಚ ಹಾಕ್ತು, ಉಳಿದವರೂ ಒಬ್ಬೊಬ್ಬರಾಗಿ ಹಾಕಿದ್ರು, ಫಸ್ಟ್ ಕ್ಲಾಸ್‌ಗಿದ್ದ ದೊಡ್ಡ ಕಾರಣ ಅಲ್ಲಿಗೆ ಹೋಯ್ತು. ಫಸ್ಟ್‌ಗೆ ಉಳಿದಿದ್ದು ಸೀಟಿಗಿರೋ ಬಾಗಿಲು ಒಂದು, 2017ರಲ್ಲಿ ಕತಾರ್ ಏರ್‌ವೇಸ್ ಕ್ಯೂಸೂಟ್ ಅಂತ ಬಿಸಿನೆಸ್ ಸೀಟಿಗೇ ಬಾಗಿಲು ಇಟ್ಟುಬಿಡ್ತು. ಅದರಲ್ಲಿ ಮಧ್ಯದ ಕೆಲವು ಸೀಟುಗಳ ನಡುವಿನ ಪಾರ್ಟಿಷನ್ ಇಳಿಸಿದ್ರೆ ಡಬಲ್ ಬೆಡ್ ಕೂಡ ಆಗತ್ತೆ. (ಬಾಗಿಲು ಬಾಗಿಲು ಅಂತ ಎಲ್ಲರೂ ಕುಣೀತಾರೆ, ಹೆಚ್ಚುಕಮ್ಮಿ ಎದೆಮಟ್ಟದ ತಗಡು ಅದು, ಟೇಕಾಫ್ ಲ್ಯಾಂಡಿಂಗ್ ಟೈಮಲ್ಲಿ ತೆಗೆದೇ ಇಡ್ಬೇಕು.)

ಹಾಗಾದ್ರೆ ಹಾಸಿಗೆಯಲ್ಲಿ ವ್ಯತ್ಯಾಸವೇ ಇಲ್ವಾ ಅಂದ್ರೆ ಇದೆ, ಕಾಲಿನ ಕಡೆ ಇದೆ. ಬಿಸಿನೆಸ್‌ನಲ್ಲಿ ಜಾಗ ಉಳಿಸೋಕೆ ನಿಮ್ಮ ಪಾದಾನ ಮುಂದಿನವರ ಸೀಟಿನ ಪಕ್ಕದ ಒಂದು ಗೂಡಿನೊಳಗೆ ತೂರಿಸ್ತಾರೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಆ ಸೀಟ್ ಡಿಸೈನ್ ಮಾಡೋರಿಗೆ ಬಾಯಿಪಾಠ ಆಗಿರಬೇಕು. ಅಂಗಾತ ಮಲಗೋರಿಗೆ ಏನೂ ಅನ್ಸಲ್ಲ. ಮಗ್ಗುಲಾಗಿ ಮಂಡಿ ಮಡಚಿ ಮಲಗೋರಿಗೆ, ಎತ್ತರ ಇರೋರಿಗೆ ರಾತ್ರಿ ಪೂರ್ತಿ ಮಂಡಿ ತಗಲ್ತಾ ಇರತ್ತೆ. ಫಸ್ಟ್‌ನಲ್ಲಿ ಆ ಗೂಡು ಇರಲ್ಲ, ಅಗಲವಾಗಿ ಹೊರಳಾಡಬಹುದು. ಆದ್ರೆ ಇದಕ್ಕೆ ಬಿಟ್ಟಿ ಪರಿಹಾರ ಇದೆ: ಬಿಸಿನೆಸ್‌ನಲ್ಲೇ ಕ್ಯಾಬಿನ್‌ನ ಮೊದಲನೇ ಸಾಲು ಹಿಡೀರಿ, ಮುಂದೆ ಸೀಟು ಇಲ್ಲದೇ ಇರೋದ್ರಿಂದ ಕಾಲಿನ ಜಾಗ ಸಾಮಾನ್ಯವಾಗಿ ದೊಡ್ಡದಾಗೇ ಇರತ್ತೆ. ಕೆಲವು ಕಂಪನಿಗಳು ಇದನ್ನ ಅರ್ಥ ಮಾಡ್ಕೊಂಡು ಆ ಸಾಲಿಗೆ ಬೇರೆ ಹೆಸರಿಟ್ಟು ಎಕ್ಸ್‌ಟ್ರಾ ದುಡ್ಡು ಕೇಳೋಕೂ ಶುರು ಮಾಡಿವೆ.

ನನ್ನ ಪ್ರಕಾರ ಫಸ್ಟ್ ಕ್ಲಾಸ್‌ನ ನಿಜವಾದ ಸುಖ ನೆಲದ ಮೇಲೆ. ಲುಫ್ತಾನ್ಸಾಗೆ ಫ್ರಾಂಕ್‌ಫರ್ಟ್‌ನಲ್ಲಿ ಫಸ್ಟ್ ಕ್ಲಾಸ್‌ನೋರಿಗೇ ಅಂತ ಒಂದು ಪ್ರತ್ಯೇಕ ಟರ್ಮಿನಲ್ ಇದೆ, 2004ರಿಂದ. ಸೆಕ್ಯುರಿಟಿ ಅಲ್ಲೇ, ಊಟ ಅಲ್ಲೇ, ಸ್ನಾನಕ್ಕೆ ಟಬ್ ಕೂಡ ಇದೆ, ವಿಮಾನ ರೆಡಿ ಆದ್ಮೇಲೆ ಕಾರಲ್ಲಿ ಕೂರಿಸ್ಕೊಂಡು ಹೋಗಿ ವಿಮಾನದ ಬುಡದಲ್ಲೇ ಇಳಿಸ್ತಾರೆ. ಏರ್ ಫ್ರಾನ್ಸ್ ಕೂಡ ಪ್ಯಾರಿಸ್‌ನಲ್ಲಿ ಲಾ ಪ್ರೀಮಿಯರ್ (ಅವರ ಫಸ್ಟ್ ಕ್ಲಾಸ್‌ನ ಹೆಸರು) ಪ್ಯಾಸೆಂಜರ್‌ಗಳಿಗೆ ಕಾರು ಕಳಿಸತ್ತೆ. ಬಿಸಿನೆಸ್ ಲೌಂಜ್ ಈಗ ಹೇಗಾಗಿದೆ ಅಂದ್ರೆ ಪೀಕ್ ಟೈಮಲ್ಲಿ ಕೂರೋಕೆ ಕುರ್ಚಿ ಹುಡುಕ್ಬೇಕು, ಬಸ್‌ಸ್ಟ್ಯಾಂಡ್ ಥರ. ಹಾಗಾಗಿ ನಿಮ್ಮ ಪ್ರಯಾಣದ ಮಧ್ಯೆ ಇಂಥ ಊರಲ್ಲಿ ನಾಲ್ಕೈದು ಗಂಟೆ ಕಾಯೋದಿದ್ರೆ ಲೆಕ್ಕ ಬದಲಾಗತ್ತೆ, ಮನೆಯಿಂದ ನೇರ ಬಂದು ಹತ್ತೋದಾದ್ರೆ ಇದೆಲ್ಲ ಅರ್ಧ ವೇಸ್ಟ್.

ಎರಡನೇದು ಜನ. ಏರ್ ಫ್ರಾನ್ಸ್‌ನ ಬೋಯಿಂಗ್ 777 ವಿಮಾನದಲ್ಲಿ ಫಸ್ಟ್ ಅಂದ್ರೆ ನಾಲ್ಕೇ ಸೀಟು, ಕ್ಯಾಥೆ ಪೆಸಿಫಿಕ್ 777ನಲ್ಲಿ ಆರು, ಎಮಿರೇಟ್ಸ್‌ನ ಎರಡಂತಸ್ತಿನ ಏರ್‌ಬಸ್ ಎ380ಯಲ್ಲಿ ಹದಿನಾಲ್ಕು. ಬಿಸಿನೆಸ್‌ನಲ್ಲಿ ನಲವತ್ತು ಐವತ್ತು ಜನಕ್ಕೆ ಬಡಿಸೋ ಕ್ರೂ ಎಷ್ಟೇ ಒಳ್ಳೆಯವರಾದ್ರೂ ಪಂಕ್ತಿ ಊಟದ ಅವಸರ ಇದ್ದೇ ಇರತ್ತೆ, ಫಸ್ಟ್‌ನಲ್ಲಿ ನೀವು ಎದ್ದು ಕೈ ತೊಳೆದು ಬರೋಷ್ಟರಲ್ಲಿ ಹಾಸಿಗೆ ಹಾಸಿರ್ತಾರೆ, ಯಾವಾಗ ಕೇಳಿದ್ರೆ ಆವಾಗ ಊಟ. ನಂಗೆ ಮಾತ್ರ ಮೊದಮೊದಲು ಸ್ವಲ್ಪ ಮುಜುಗರ ಆಯ್ತು, ಯಾರೋ ಸದಾ ನಮ್ಮನ್ನೇ ನೋಡ್ತಿದ್ದಾರೆ ಅನ್ನೋ ಹಾಗೆ.

ಊಟ ಅಂದ ಕೂಡ್ಲೇ ಕ್ಯಾವಿಯರ್ ಶಾಂಪೇನ್ ಅಂತ ಎಲ್ಲರೂ ಬರೀತಾರೆ. ಮೇಲಿನ ಒಣ ಗಾಳಿ, ಕಮ್ಮಿ ಒತ್ತಡಕ್ಕೆ ಮೂಗು ನಾಲಿಗೆ ಎರಡೂ ಮಂಕಾಗತ್ತೆ, ಉಪ್ಪು ಸಿಹಿ ಸರಿಯಾಗಿ ತಿಳಿಯಲ್ಲ, ಅದು ಎಲ್ಲ ಕ್ಲಾಸ್‌ಗೂ ಒಂದೇ. ಕ್ರುಗ್ ಅನ್ನೋ ದುಬಾರಿ ಶಾಂಪೇನ್ ಬಾಟಲ್ ನೋಡಿ ಮೈಲ್ಸ್ ಸುರೀಬೇಡಿ ಅಷ್ಟೇ.

ಶವರ್ ಬಗ್ಗೆ ನಾನು ಮೊದಲು ನಗ್ತಿದ್ದೆ, ಆಕಾಶದಲ್ಲಿ ಸ್ನಾನ ಮಾಡದೇ ಇದ್ರೆ ಏನಾಗತ್ತೆ ಅಂತ. ಎಮಿರೇಟ್ಸ್ ಎ380ಯಲ್ಲಿ 2008ರಿಂದ ಇದೆ, ಎತಿಹಾದ್ ಎ380ಯಲ್ಲೂ ಫಸ್ಟ್‌ನೋರಿಗೆ ಇದೆ. ನನ್ನ ಎರಡನೇ ಫಸ್ಟ್ ಕ್ಲಾಸ್ ಪ್ರಯಾಣ ಎಮಿರೇಟ್ಸ್‌ನದ್ದು, ಹಗಲು ಫ್ಲೈಟ್. ನೀರು ಬರೋದು ಐದೇ ನಿಮಿಷ, ಆದ್ರೆ ಮಧ್ಯೆ ನಿಲ್ಲಿಸಿ ಸೋಪ್ ಹಚ್ಕೊಂಡು ಮತ್ತೆ ಬಿಟ್ಕೋಬಹುದು. ಸ್ನಾನ ಮುಗಿಸಿ ಬಂದು ಎರಡು ಸಿನಿಮಾ ನೋಡಿ ಮೂರು ಸಲ ತಿಂದು ಇಳಿದಾಗ ಆಫೀಸಿಗೆ ಹೋಗೋಷ್ಟು ಹುಷಾರಾಗಿದ್ದೆ. ಆವತ್ತು ಕೊಟ್ಟಿದ್ದಕ್ಕೆ ಮೋಸ ಆಯ್ತು ಅನ್ನಿಸ್ಲಿಲ್ಲ, ಎಚ್ಚರ ಇದ್ದೆ ಅಲ್ವಾ.

ಇನ್ನೊಂದು, ಕ್ಲಾಸ್‌ಗಿಂತ ವಿಮಾನ ಯಾವುದು ಅಂತ ನೋಡಿ. ಎ350, 787ಗಳಲ್ಲಿ ಒಳಗಿನ ಒತ್ತಡ ಸುಮಾರು 6,000 ಅಡಿ ಎತ್ತರದಲ್ಲಿರೋ ಹಾಗೆ ಇಡ್ತಾರೆ, ಹಳೇ ವಿಮಾನಗಳಲ್ಲಿ ಅದು 8,000 ಅಡಿವರೆಗೂ ಹೋಗತ್ತೆ, ತಲೆಭಾರ ಗಂಟಲು ಒಣಗೋದು ಅಲ್ಲಿ ಜಾಸ್ತಿ, ಅದಕ್ಕೆ ಫಸ್ಟ್ ಟಿಕೆಟ್ ಔಷಧಿ ಅಲ್ಲ. ನಾನಾಗಿದ್ರೆ ಹಳೇ ವಿಮಾನದ ಸವೆದ ಫಸ್ಟ್‌ಗಿಂತ ಎ350ಯ ಹೊಸ ಬಿಸಿನೆಸ್ ಆರಿಸ್ತೀನಿ. ಸಿಂಗಪುರದಿಂದ ನ್ಯೂಯಾರ್ಕ್‌ಗೆ ಹದಿನೆಂಟು ಗಂಟೆ ದಾಟೋ ನೇರ ಫ್ಲೈಟ್ ಇದೆ ಗೊತ್ತಲ್ಲ, ಅದರಲ್ಲಿ 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ, ಫಸ್ಟ್ ಇಲ್ಲವೇ ಇಲ್ಲ, ಅದೂ ಎ380ಯಲ್ಲಿ ರೂಮಿನಂಥ ಸೂಟ್ ಇಟ್ಟಿರೋ ಸಿಂಗಪುರ್ ಏರ್‌ಲೈನ್ಸೇ! ಟರ್ಕಿಶ್‌ನಲ್ಲಿ ಫಸ್ಟ್ ಇಲ್ಲ, ಯುನೈಟೆಡ್ ಉದ್ದ ಫ್ಲೈಟ್‌ಗಳಲ್ಲಿ ತೆಗೆದೇ ಬಿಡ್ತು. ಆ ಕಡೆ ಏರ್ ಫ್ರಾನ್ಸ್ 2025ರಲ್ಲಿ ಒಂದೊಂದಕ್ಕೆ ಐದು ಕಿಟಕಿ ಇರೋ ಹೊಸ ಲಾ ಪ್ರೀಮಿಯರ್ ತಂತು. ಅಂದ್ರೆ ಇಟ್ಕೊಂಡಿರೋರು ಮನೆ ಥರ ಕಟ್ತಿದ್ದಾರೆ, ಉಳಿದವರು ಕೈ ಬಿಡ್ತಿದ್ದಾರೆ.

ನೀವಿಬ್ರು ಜೊತೆಗೆ ಹೋಗ್ತಿರೋದ್ರಿಂದ ಇದನ್ನೂ ನೋಡ್ಕೊಳ್ಳಿ. ಫಸ್ಟ್‌ನಲ್ಲಿ 1-1-1 ಸಾಲು (ಅಂದ್ರೆ ಒಂದೊಂದೇ ಸೀಟು, ನಡುವೆ ಓಡಾಡೋ ದಾರಿ) ಇದ್ರೆ ಒಬ್ರು ಒಂದು ಕಡೆ ಇನ್ನೊಬ್ರು ಒಂದು ಕಡೆ, ಮಧ್ಯೆ ದಾರಿ. ಎಮಿರೇಟ್ಸ್‌ನ ಹೊಸ 777 ಸೂಟ್‌ನಲ್ಲಿ ಬಾಗಿಲು ಸೂರಿನವರೆಗೂ ಇದೆ, ಮಧ್ಯದವರಿಗೆ ಕಿಟಕಿ ಬದಲು ಹೊರಗಿನ ಕ್ಯಾಮೆರಾ ತೋರಿಸೋ ಸ್ಕ್ರೀನ್. ಮದುವೆ ಆನಿವರ್ಸರಿಗೆ ಅಂತ ಅಷ್ಟೆಲ್ಲ ಖರ್ಚು ಮಾಡಿ 13 ಗಂಟೆ ಮುಖ ನೋಡದೇ ಕೂತಿರೋದು ಕೆಲವರಿಗೆ ಇಷ್ಟಾನೂ ಆಗಬಹುದು ಬಿಡಿ.

ಬಿಸಿನೆಸ್‌ನಲ್ಲೇ ಉಳಿದ್ರೆ ಒಂದೇ ಎಚ್ಚರಿಕೆ, ಸೀಟ್ ಮ್ಯಾಪ್ ಇವತ್ತೇ ತೆಗೆದು ನೋಡಿ. 1-2-1 ಇದ್ರೆ ನಿಶ್ಚಿಂತೆ. ನಂಗೆ ಒಂದು ಸಲ (ಕಂಪನಿ ಹೆಸರು ಬೇಡ) ಕೊನೇ ಗಳಿಗೆಯಲ್ಲಿ ವಿಮಾನ ಬದಲಾಗಿ 2-3-2 ಬಿಸಿನೆಸ್ ಬಂತು, ನನ್ನದು ಮೂರರಲ್ಲಿ ಮಧ್ಯದ್ದು, ರಾತ್ರಿ ಬಾತ್‌ರೂಮಿಗೆ ಹೋಗೋಕೆ ಮಲಗಿರೋ ಹಿರಿಯರೊಬ್ಬರನ್ನ ದಾಟಿ ಹೋಗಿದ್ದೀನಿ, ಕ್ಷಮೆ ಕೇಳ್ತಾ. ಅದಕ್ಕೇ ಹೊರಡೋ ಹಿಂದಿನ ದಿನ ಇನ್ನೊಂದು ಸಲ ಚೆಕ್ ಮಾಡಿ.

ಮೈಲ್ಸ್ ಇಟ್ಕೊಳ್ಳಿ, ವಾಪಸ್ ಬರೋದು ಹಗಲು ಫ್ಲೈಟ್ ಇದ್ರೆ ಅದಕ್ಕೆ ಹಾಕಿ. ಆದ್ರೆ ಆಫರ್‌ನಲ್ಲಿ ತಗೊಂಡ ಅಗ್ಗದ ಬಿಸಿನೆಸ್ ಟಿಕೆಟ್‌ಗಳಿಗೆ ಕೆಲವೊಮ್ಮೆ ಅಪ್‌ಗ್ರೇಡ್ ಕೊಡಲ್ಲ, ಟಿಕೆಟ್ ಮೇಲೆ ಕ್ಲಾಸ್ ಅಂತ ಒಂದು ಅಕ್ಷರ ಇರತ್ತೆ, ಫೋನ್ ಮಾಡಿ ಅದನ್ನ ಹೇಳಿ ಕೇಳ್ಕೊಳ್ಳಿ. ಆಗತ್ತೆ ಅಂದ್ರೆ ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಹಸಿದುಕೊಂಡು ಹತ್ತಿ.